ಹಳ್ಳದ ನೀರು, ಹೊಳೆಯ ನೀರು



ಕಲಬುರಗಿ ಎಂದೊಡನೆ ನೆನಪಾಗುವುದು ಬಿಸಿಲು ಮತ್ತು ತೊಗರಿ. ವರ್ಷಕ್ಕೆ ಸರಾಸರಿ 750 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಬರಗಾಲವನ್ನೇ ಹೆಚ್ಚಾಗಿ ಕಂಡ ಈ ಸೀಮೆಯಲ್ಲಿ ನೆರೆ ಬರುವುದಾದರೂ ಹೇಗೆ?

2020ರ ಅಕ್ಟೋಬರ್ ತಿಂಗಳನ್ನು ನೋಡೋಣ. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತವೊಂದು ಅಕ್ಟೋಬರ್ 13ರಂದು ಕಾಕಿನಾಡದ ಬಳಿ ಕರಾವಳಿಯನ್ನು ದಾಟಿತು. ಅದು ತೆಲಂಗಾಣ ಮತ್ತು ಉತ್ತರ ಕರ್ನಾಟಕದ ಮೇಲೆ ಹಾದು ಮಹಾರಾಷ್ಟ್ರದತ್ತ ಸಾಗುವಾಗ ದಾರಿಯುದ್ದಕ್ಕೂ ಭಾರಿ ಮಳೆ ಸುರಿಯಿತು. ಕಾಗಿಣಾ ನದಿ ಉಕ್ಕಿ ಮಳಖೇಡದ ಸೇತುವೆ ಮುಳುಗಿತು. ಕಲಬುರಗಿ–ಸೇಡಂ ಸಂಚಾರ ನಿಂತಿತು. ಅದರ ಬೆನ್ನಿಗೇ ಭೀಮಾ ನದಿಯೂ ಉಕ್ಕಿ ದಡದ ಹಳ್ಳಿಗಳಿಗೆ ನುಗ್ಗಿತು. ಕೊಯ್ಲಿಗೆ ಇನ್ನೂ ಕೆಲವು ವಾರಗಳಿದ್ದ ತೊಗರಿ ನೀರಿನಲ್ಲಿ ನಿಂತಿತು.

ಇಲ್ಲಿ ಮಣ್ಣಿನ ಪಾತ್ರ ದೊಡ್ಡದು. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಎರೆಭೂಮಿ ಒಣಗಿ, ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ವಸಂತದಲ್ಲಿ ಗುಡುಗಿನೊಡನೆ ಬರುವ ಅಡ್ಡಮಳೆಯ ಮೊದಲ ನೀರನ್ನು ಆ ಬಿರುಕುಗಳು ಕುಡಿದುಬಿಡುತ್ತವೆ. ಆದರೆ ಎರೆಮಣ್ಣು ನೆನೆದರೆ ಉಬ್ಬುತ್ತದೆ, ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಮಳೆಗಾಲದ ಕೊನೆಯಲ್ಲಿ ನೆಲ ತುಂಬಿರುವಾಗ ಬಿದ್ದ ಮಳೆಗೆ ಹರಿಯುವುದೊಂದೇ ದಾರಿ. ಒಂದು ಚದರ ಕಿಲೋಮೀಟರಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಅದು 10 ಕೋಟಿ ಲೀಟರ್ ನೀರು! ಅದರಲ್ಲಿ ಅರ್ಧ ಹರಿದರೂ ಸಣ್ಣ ಹಳ್ಳಕ್ಕೆ ತಾಳಲಾಗದು.

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಜಿಲ್ಲೆಗೆ ನೆರೆ ಎರಡು ಬಗೆಯಲ್ಲಿ ಬರುತ್ತದೆ.

ಮೊದಲನೆಯದು ಹಳ್ಳದ ನೆರೆ. ಕಮಲಾಪುರದ ಕಡೆ ಹರಿಯುವ ಗಂಡೋರಿ ನಾಲಾ ಮತ್ತು ಬೆಣ್ಣೆತೊರಾಗಳಿಗೆ ನೀರು ಬರುವುದು ಹತ್ತಿರದ ಹೊಲ, ಗುಡ್ಡಗಳಿಂದ. ಸಂಜೆ ಸುರಿದ ಮಳೆ ಕೆಲವೇ ಗಂಟೆಗಳಲ್ಲಿ ಹಳ್ಳದಲ್ಲಿರುತ್ತದೆ. ಇವೆರಡಕ್ಕೂ ಅಣೆಕಟ್ಟುಗಳಿವೆ. ಜಲಾಶಯದಲ್ಲಿ ಜಾಗವಿದ್ದರೆ ಅದು ನೆರೆಯನ್ನು ತಡೆಯುತ್ತದೆ. ತುಂಬಿದ್ದರೆ ಬಂದಷ್ಟು ನೀರನ್ನೂ ಕೆಳಕ್ಕೆ ಬಿಡಲೇಬೇಕು. ಆಗ ಅಣೆಕಟ್ಟಿನ ಕೆಳಗಿನ ಹಳ್ಳಿಗಳಿಗೆ ಸಿಗುವ ಸಮಯ ಬಹಳ ಕಡಿಮೆ.

ಎರಡನೆಯದು ಹೊಳೆಯ ನೆರೆ. ಭೀಮಾ ನದಿ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ಅಲ್ಲಿಯ ಮಳೆ ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯಕ್ಕೆ ಸೇರಿ, ಅಲ್ಲಿಂದ ಹೊರಬಿದ್ದ ನೀರು ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನ ಮೂಲಕ ನಮ್ಮತ್ತ ಬರುತ್ತದೆ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ಹರಿದರೆ ಅದು ಒಂದು ಕ್ಯೂಸೆಕ್. ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್! ಆದರೆ ದೂರದಿಂದ ಬರುವ ಈ ನೀರಿಗೆ ಮುನ್ಸೂಚನೆ ಇರುತ್ತದೆ. ಬಾನುಲಿ, ದೂರದರ್ಶನ, ಊರಿನ ಡಂಗುರ ಇವುಗಳಿಂದ ಸುದ್ದಿ ತಿಳಿದು ಜನ, ದನಕರು, ಕಾಳುಕಡ್ಡಿಗಳನ್ನು ಎತ್ತರದ ಜಾಗಕ್ಕೆ ಸಾಗಿಸಲು ಅವಕಾಶವಿದೆ.

ಕಲಬುರಗಿ ನಗರ ದೊಡ್ಡ ನದಿಯ ದಡದಲ್ಲಿಲ್ಲ. ಹಾಗೆಂದು ನಗರದವರಿಗೆ ಈ ಮಾತು ಸಂಬಂಧಿಸಿದ್ದಲ್ಲ ಎನ್ನುವಂತಿಲ್ಲ. ನಗರ ಕುಡಿಯುವುದು ಭೀಮಾ ಮತ್ತು ಬೆಣ್ಣೆತೊರಾದ ನೀರನ್ನೇ. ಅಲ್ಲದೆ ಸುತ್ತಲಿನ ಹಳ್ಳಿಗಳಿಂದ ಕಾಲೇಜಿಗೆ ಬರುವ ನೂರಾರು ವಿದ್ಯಾರ್ಥಿಗಳು ನಿತ್ಯ ಹಳ್ಳ ದಾಟಿಯೇ ಬರಬೇಕು.

ಅಪಾಯವಿರುವುದು ಅಲ್ಲಿಯೇ. ಸೇತುವೆಯ ಮೇಲೆ ಮೊಣಕಾಲಿಗಿಂತ ಕಡಿಮೆ ನೀರಿದೆಯಲ್ಲ ಎಂದು ಮೋಟಾರ್ ಸೈಕಲ್ ಇಳಿಸುವವರಿದ್ದಾರೆ. ರಭಸದ ನೀರು ಒಂದು ಅಡಿಯಷ್ಟಿದ್ದರೂ ಸಣ್ಣ ಕಾರನ್ನು ತೇಲಿಸಬಲ್ಲದು. ಕೆಂಪು ನೀರಿನ ಕೆಳಗೆ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಕಣ್ಣಿಗೆ ಕಾಣದು. ಹಳ್ಳದ ನೀರು ಬೇಗ ಏರುವಂತೆ ಬೇಗ ಇಳಿಯುತ್ತದೆ. ಒಂದು ದಿನದ ಪಾಠ ತಪ್ಪಿದರೆ ಓದಿಕೊಳ್ಳಬಹುದು, ಕಾಯುವುದೇ ಜಾಣತನ.

ಕೊನೆಗೊಂದು ಕೆಲಸ. ನಿಮ್ಮ ಊರಿನ ನಕ್ಷೆ ಬರೆಯಿರಿ. ಹತ್ತಿರದ ಹಳ್ಳ ಯಾವುದು? ಅದರ ನೀರು ಎಲ್ಲಿಂದ ಬರುತ್ತದೆ? ಮೇಲುಗಡೆ ಕೆರೆಯೋ ಅಣೆಕಟ್ಟೋ ಇದೆಯೇ? ಹಿಂದಿನ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರನ್ನು ಕೇಳಿ ಗುರುತು ಹಾಕಿರಿ. ನೀರು ಬರುವ ದಾರಿ ಗೊತ್ತಿದ್ದರೆ, ಅದು ಬರುವ ಹೊತ್ತನ್ನೂ ಅಂದಾಜು ಮಾಡಬಹುದು.