ತಾಂತ್ರಿಕ ವೃತ್ತಿಯಲ್ಲಿ ಬರವಣಿಗೆ: ತಪ್ಪು ಕಲ್ಪನೆ ಮತ್ತು ಸತ್ಯ

ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟು, ಗಿಣಿಗೇರಿಯ ಉಕ್ಕಿನ ಕಾರ್ಖಾನೆ, ಗಂಗಾವತಿಯ ಅಕ್ಕಿ ಗಿರಣಿ, ಕುಷ್ಟಗಿ–ಯಲಬುರ್ಗಾ ಬಯಲಿನ ಗಾಳಿಯಂತ್ರ: ಕೊಪ್ಪಳ ಜಿಲ್ಲೆಯ ಇಂಥ ಯಾವ ತಾಂತ್ರಿಕ ಕೆಲಸವೂ ವರದಿ, ಲಾಗ್‌ಬುಕ್, ಸೂಚನಾಪತ್ರಗಳಿಲ್ಲದೆ ಸಾಗದು. ಆದರೂ ಬರವಣಿಗೆಯ ಬಗ್ಗೆ ನಾಲ್ಕು ತಪ್ಪು ಕಲ್ಪನೆಗಳು ಬೇರೂರಿವೆ.

ತಪ್ಪು ಕಲ್ಪನೆ 1: ಕೆಲಸ ಬಲ್ಲವರಿಗೆ ಬರವಣಿಗೆ ಬೇಕಿಲ್ಲ.
ಸತ್ಯ: ಕಟ್ಟಿದವರು ಹೋದ ಮೇಲೂ ಕಟ್ಟಡ, ಯಂತ್ರಗಳು ಉಳಿಯುತ್ತವೆ. ತುಂಗಭದ್ರಾ ಅಣೆಕಟ್ಟಿಗೆ 33 ಕ್ರಸ್ಟ್ ಗೇಟ್‌ಗಳಿವೆ. 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ 19ನೇ ಗೇಟ್ ಕೊಚ್ಚಿಹೋದಾಗ ಅಣೆಕಟ್ಟಿಗೆ ಸುಮಾರು 70 ವರ್ಷ. ಅಂಥ ಹೊತ್ತಿನಲ್ಲಿ ಹಿಂದಿನವರ ಪರವಾಗಿ ಮಾತಾಡಬೇಕಾದದ್ದು ಅವರು ಬಿಟ್ಟುಹೋದ ನಕಾಶೆ, ಅಳತೆ, ದುರಸ್ತಿಯ ದಾಖಲೆಗಳೇ.

ತಪ್ಪು ಕಲ್ಪನೆ 2: ಅಂಕಿ ಸರಿಯಿದ್ದರೆ ಸಾಕು.
ಸತ್ಯ: ಅಂಕಿ ಯಾವುದರದು ಎಂಬುದೂ ಸ್ಪಷ್ಟವಿರಬೇಕು. ಉದಾಹರಣೆಗೆ, ಭತ್ತದ ಗೊಬ್ಬರದ ಸೂಚನೆಯಲ್ಲಿ ‘ಹೆಕ್ಟೇರಿಗೆ 46 ಕೆ.ಜಿ. ಸಾರಜನಕ’ ಎಂದಿದೆ ಎನ್ನೋಣ. ಯೂರಿಯಾದಲ್ಲಿ ಸಾರಜನಕ ಇರುವುದು ಶೇ. 46 ಮಾತ್ರ. ಓದಿದವರು 46 ಕೆ.ಜಿ. ಯೂರಿಯಾ ಎಂದುಕೊಂಡರೆ ಪೈರಿಗೆ ಸಿಗುವುದು 21 ಕೆ.ಜಿ. ಸಾರಜನಕ. ಹೆಕ್ಟೇರಿನ ಪ್ರಮಾಣವನ್ನು ಎಕರೆಗೆ ಹಾಕಿದರೆ ಗೊಬ್ಬರ ಎರಡೂವರೆ ಪಟ್ಟಾಗುತ್ತದೆ. ‘ಎಕರೆಗೆ 40 ಕೆ.ಜಿ. ಯೂರಿಯಾ’ ಎಂದು ಬರೆದರೆ ಗೊಂದಲವೇ ಇಲ್ಲ.

ತಪ್ಪು ಕಲ್ಪನೆ 3: ಭಾರೀ ಇಂಗ್ಲಿಷೋ ಕಚೇರಿ ಕನ್ನಡವೋ ಇದ್ದರೇ ಒಳ್ಳೆಯ ವರದಿ.
ಸತ್ಯ: ‘ಪಂಪಿನಲ್ಲಿ ತಾಂತ್ರಿಕ ದೋಷ ಕಂಡುಬಂದ ಹಿನ್ನೆಲೆಯಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗಿದೆ’ ಎಂಬುದರಿಂದ ಮುಂದಿನ ಪಾಳಿಯವರಿಗೆ ಏನೂ ತಿಳಿಯದು. ‘ಬೆಳಿಗ್ಗೆ 6.40ಕ್ಕೆ 2ನೇ ಪಂಪ್ ನಿಂತಿತು. ಬೇರಿಂಗ್ ಕಾದಿತ್ತು. 1ನೇ ಪಂಪ್ ಚಾಲೂ ಇದೆ. ಬೇರಿಂಗ್ ಬದಲಿಸುವವರೆಗೆ 2ನೇದನ್ನು ಚಾಲೂ ಮಾಡಬೇಡಿ’ ಎಂದರೆ ಎಲ್ಲವೂ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಬರೆಯಬೇಕಾದಾಗಲೂ ಕ್ರಮ ಇದೇ: ಏನಾಯಿತು, ಯಾಕೆ, ಈಗ ಏನು ಮಾಡಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಎಟುಕದ ವಿದ್ಯೆಯಲ್ಲ.

ತಪ್ಪು ಕಲ್ಪನೆ 4: ಬರವಣಿಗೆ ಹುಟ್ಟಿನಿಂದ ಬರಬೇಕು.
ಸತ್ಯ: ಕನ್ನಡದ ತಿರುಳು ನಾಡಿನಲ್ಲಿ ಕೊಪಣನಗರವನ್ನು, ಅಂದರೆ ಇಂದಿನ ಕೊಪ್ಪಳವನ್ನು, ಎಣಿಸಿದ 9ನೇ ಶತಮಾನದ ‘ಕವಿರಾಜಮಾರ್ಗ’ ಮೊದಲ ಪರಿಚ್ಛೇದದಲ್ಲೇ ಬರವಣಿಗೆಯ ದೋಷಗಳನ್ನು ಚರ್ಚಿಸುತ್ತದೆ. ದೋಷ ಗುರುತಿಸಿ ತಿದ್ದಬಹುದು ಎಂದಾದರೆ ಬರವಣಿಗೆಯನ್ನು ಕಲಿಯಲೂಬಹುದು. ಅದಕ್ಕೆ ದಿನದ ಕೆಲಸವನ್ನು ಐದಾರು ವಾಕ್ಯಗಳಲ್ಲಿ ದಾಖಲಿಸುವ ರೂಢಿ ಬೇಕು. ಬರೆದದ್ದನ್ನು ಆ ಕೆಲಸ ಗೊತ್ತಿಲ್ಲದ ಸಹೋದ್ಯೋಗಿಗೆ ಕೊಟ್ಟು ಓದಿಸಬೇಕು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಬೇಕು.