ಮೊಮ್ಮಕ್ಕಳ ಕೈ ಹಿಡಿದು ನಾಲ್ಕು ನಡಿಗೆ

ಬೆಂಗಳೂರಿಗೆ ಉದ್ಯಾನನಗರಿ ಎಂಬ ಹೆಸರೇನೋ ಇದೆ, ಉದ್ಯಾನ ಎಲ್ಲಿದೆ ತೋರಿಸಿ ನೋಡೋಣ ಎಂದು ಸವಾಲು ಹಾಕುವವರು ಬಹಳ ಮಂದಿ. ಅಂಥವರಿಗೆ ಉತ್ತರ ಕೊಡಲು ವಾದ ಬೇಡ, ಒಂದು ಜೊತೆ ಚಪ್ಪಲಿ ಸಾಕು. ಈ ಊರಿನಲ್ಲಿ ಅಜ್ಜ-ಅಜ್ಜಿಯರ ಮಂಡಿಗೂ ಮೊಮ್ಮಕ್ಕಳ ಚುರುಕು ಕಾಲಿಗೂ ಒಟ್ಟಿಗೆ ಹೊಂದುವ ಜಾಗಗಳು ಇನ್ನೂ ಉಳಿದಿವೆ. ಅಂಥ ನಾಲ್ಕು ನಡಿಗೆಗಳನ್ನು ಇಲ್ಲಿ ಹೇಳುತ್ತೇನೆ. ಯಾವುದಕ್ಕೂ ಬೆಟ್ಟ ಹತ್ತುವ ತಾಕತ್ತು ಬೇಡ. ಬಹುಪಾಲು ಮರದ ನೆರಳಿನಲ್ಲೇ, ಬೇಕೆಂದಾಗ ಕೂತು ಎದ್ದು ಸಾಗುವ ದಾರಿಗಳು ಇವು.

ಇದನ್ನು ಬರೆಯಲು ನನಗೊಂದು ಕಾರಣವೂ ಇದೆ. ನಿವೃತ್ತಿಯ ಬಳಿಕ ತಿಪಟೂರು ಕಡೆಯ ಹಳ್ಳಿಯಿಂದ ಮಗಳ ಮನೆಗೆ ಬಂದವನು ನಾನು. ನಾಲ್ಕನೇ ಮಹಡಿಯ ಮನೆ. ಊರಿನಲ್ಲಿ ಬೆಳಗ್ಗೆ ಎದ್ದರೆ ತೋಟ, ಕಟ್ಟೆ, ಮಾತಿಗೆ ನಾಲ್ಕು ಜನ. ಇಲ್ಲಿ ಲಿಫ್ಟು, ಬಾಲ್ಕನಿ, ಟೀವಿ. ಮೂರು ತಿಂಗಳಲ್ಲಿ ಮಾತೂ ಕಡಿಮೆಯಾಯಿತು, ಮಂಡಿಯೂ ಬಿಗಿಯಿತು. ಐದನೇ ತರಗತಿಯ ಮೊಮ್ಮಗಳದೂ ಹೆಚ್ಚುಕಡಿಮೆ ಅದೇ ಕಥೆ. ಶಾಲೆ, ವ್ಯಾನು, ಮೊಬೈಲು. ಒಂದು ದಿನ ಶಾಲೆಯಲ್ಲಿ ಹತ್ತು ಬಗೆಯ ಎಲೆ ತಂದು ಹೆಸರು ಬರೆಯಿರಿ ಎಂದರು. ಅವಳಿಗೆ ಮರದ ಹೆಸರು ಗೊತ್ತಿಲ್ಲ, ನನಗೆ ಬೆಂಗಳೂರಿನ ದಾರಿ ಗೊತ್ತಿಲ್ಲ. “ತಾತ, ದಾರಿ ನಾನು ತೋರಿಸ್ತೀನಿ, ಮರ ನೀನು ತೋರಿಸು” ಎಂದಳು. ಅಂದಿನಿಂದ ಭಾನುವಾರ ಬೆಳಗ್ಗೆ ನಮ್ಮಿಬ್ಬರದು ಇದೇ ಕರಾರು.

ಮೊದಲ ನಡಿಗೆ: ಲಾಲ್‌ಬಾಗ್

ಮೆಟ್ರೊ ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ನಿಲ್ದಾಣವೇ ಇದೆ. ಇಳಿದರೆ ಪಶ್ಚಿಮ ದ್ವಾರ ಹತ್ತಿರ. ಅಲ್ಲಿಂದ ಗಾಜಿನ ಮನೆಗೆ ನಿಧಾನವಾಗಿ ನಡೆದರೂ ಬಹಳ ಹೊತ್ತು ಬೇಕಿಲ್ಲ. 1760ರಲ್ಲಿ ಹೈದರ್ ಅಲಿ ಆರಂಭಿಸಿ, ಟಿಪ್ಪು ಸುಲ್ತಾನ್ ಬೆಳೆಸಿದ ತೋಟ ಇದು. ಈಗ 240 ಎಕರೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನ ಮಾದರಿ ನೋಡಿ ಕಟ್ಟಿದ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಆಗ ತೋಟದ ಮೇಲ್ವಿಚಾರಕರಾಗಿದ್ದವರು ಜಾನ್ ಕ್ಯಾಮರನ್. ನಮ್ಮ ಅಡುಗೆಮನೆಗೆ ಸೀಮೆ ಬದನೆಕಾಯಿ ಬಂದದ್ದು ಇವರ ಕಾಲದಲ್ಲಿ ಎನ್ನುತ್ತಾರೆ. ತಮಿಳರು ಇಂದಿಗೂ ಅದನ್ನು ಬೆಂಗಳೂರು ಬದನೆ ಎಂದೇ ಕರೆಯುತ್ತಾರೆ. ಮನೆಯಲ್ಲಿ ಸೀಮೆ ಬದನೆಕಾಯಿ ಸಾಂಬಾರು ಮಾಡಿದ ದಿನ ಮಕ್ಕಳಿಗೆ ಈ ಕಥೆ ಹೇಳಿ, ತಟ್ಟೆ ಬೇಗ ಖಾಲಿಯಾಗುತ್ತದೆ.

ಲಾಲ್‌ಬಾಗಿನಲ್ಲಿ ತಪ್ಪದೆ ನೋಡಬೇಕಾದ ಮೂರು ಮುದುಕರಿದ್ದಾರೆ. ಮೊದಲನೆಯದು ದೈತ್ಯ ಬಿಳಿ ಬೂರುಗದ ಮರ. ಅದರ ಬುಡದಲ್ಲಿ ಬೇರುಗಳು ಗೋಡೆಯಂತೆ ಎದ್ದು ನಿಂತಿವೆ. ಬೇರಿನ ಸಂದಿನಲ್ಲಿ ನಿಂತ ದೊಡ್ಡವರೂ ಚಿಕ್ಕ ಮಕ್ಕಳಂತೆ ಕಾಣುತ್ತಾರೆ. ಎರಡನೆಯದು ಕಲ್ಲಾಗಿ ಹೋದ ಮರದ ಕಾಂಡ. ತಮಿಳುನಾಡಿನ ತಿರುವಕ್ಕರೈನಿಂದ ತಂದದ್ದು, ವಯಸ್ಸು ಸುಮಾರು 2 ಕೋಟಿ ವರ್ಷ. ಮರ ಮಣ್ಣಿನಡಿ ಹೂತುಹೋದಾಗ ನೀರಿನೊಂದಿಗೆ ಬಂದ ಖನಿಜ ಮರದ ಕಣಕಣದೊಳಗೆ ಸೇರಿ, ನಿಧಾನವಾಗಿ ಇಡೀ ಕಾಂಡ ಕಲ್ಲಾಗುತ್ತದೆ. ಆಕಾರ ಮಾತ್ರ ಮರದ್ದೇ.

ಮೂರನೆಯದು ಎಲ್ಲರಿಗಿಂತ ಹಿರಿಯ, ಕೆಂಪೇಗೌಡರ ಗೋಪುರವಿರುವ ದೊಡ್ಡ ಬಂಡೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಮಕ್ಕಳೇ, ಇಷ್ಟು ದೊಡ್ಡ ಸಂಖ್ಯೆ ಮನಸ್ಸಿಗೆ ನಿಲುಕುವುದಿಲ್ಲ, ಅಲ್ಲವೇ? ಅದಕ್ಕೊಂದು ಆಟ ಹೇಳಿಕೊಡುತ್ತೇನೆ. ಒಂದು ಹೆಜ್ಜೆಗೆ ಒಂದು ಲಕ್ಷ ವರ್ಷ ಎಂದುಕೊಳ್ಳಿ. ಕಲ್ಲಾದ ಮರದ ಕಾಲಕ್ಕೆ ಹೋಗಲು 200 ಹೆಜ್ಜೆ ಸಾಕು. ಬಂಡೆ ಹುಟ್ಟಿದ ಕಾಲಕ್ಕೆ ಹೋಗಲು 30,000 ಹೆಜ್ಜೆ ಬೇಕು! ನಿಮ್ಮ ಹೆಜ್ಜೆ ಅರ್ಧ ಮೀಟರ್ ಎಂದರೆ 15 ಕಿಲೋಮೀಟರ್ ಆಯಿತು. ಲಾಲ್‌ಬಾಗ್ ಹುಟ್ಟಿದ 1760ಕ್ಕೆ ಹೋಗಲು? ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಲೆಕ್ಕ ಸರಿಯಿದೆಯೇ ಎಂದು ಮನೆಯಲ್ಲಿ ಮಾಡಿ ನೋಡಿ.

ಹಿರಿಯರಿಗೆ ಒಂದು ಮಾತು. ಬಂಡೆಯ ಇಳಿಜಾರು ಮೆಲ್ಲಗಿದ್ದರೂ ಮಳೆ ಬಿದ್ದಾಗ ಜಾರುತ್ತದೆ. ಅಂದು ಬಂಡೆಯ ಕೆಳಗೇ ಕೂತು, ಮೇಲೆ ಹೋದ ಬೇರೆಯವರನ್ನು ನೋಡುವುದೇ ವಾಸಿ. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಜನಜಂಗುಳಿ ಹೆಚ್ಚು. ಹೂವು ನೋಡಬೇಕೆಂದರೆ ವಾರದ ದಿನ, ಬೆಳಗ್ಗೆ ಬೇಗ ಹೋಗಿ.

ಎರಡನೇ ನಡಿಗೆ: ಕಬ್ಬನ್ ಪಾರ್ಕ್

ವಯಸ್ಸಾದವರಿಗೆ ನಡೆಯುವುದಕ್ಕಿಂತ, ನಡೆದ ದಾರಿಯಲ್ಲೇ ಹಿಂದಿರುಗುವುದು ಬೇಸರ. ಕಬ್ಬನ್ ಪಾರ್ಕಿನಲ್ಲಿ ಆ ಕಷ್ಟವಿಲ್ಲ. ನೇರಳೆ ಮಾರ್ಗದಲ್ಲಿ ವಿಧಾನಸೌಧದ ಬಳಿಯ ಅಂಬೇಡ್ಕರ್ ನಿಲ್ದಾಣದಲ್ಲಿ ಇಳಿಯಿರಿ, ಪಾರ್ಕು ದಾಟಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಹತ್ತಿ. ಭಾನುವಾರ ಪಾರ್ಕಿನ ಒಳರಸ್ತೆಗಳಲ್ಲಿ ವಾಹನಗಳಿಲ್ಲದ ಕಾರಣ ಮಕ್ಕಳ ಕೈ ಬಿಟ್ಟರೂ ಎದೆ ಹೊಡೆದುಕೊಳ್ಳುವುದಿಲ್ಲ.

ಮೊದಲು ಕಾಣುವುದು ವಿಧಾನಸೌಧದ ಎದುರಿನ ಕೆಂಪು ಕಟ್ಟಡ. ಅದು ಅಠಾರಾ ಕಚೇರಿ, ಈಗಿನ ಹೈಕೋರ್ಟ್. ಅಠಾರಾ ಎಂದರೆ ಹದಿನೆಂಟು. ಸರ್ಕಾರದ ಹದಿನೆಂಟು ಇಲಾಖೆಗಳು ಅಲ್ಲಿದ್ದವು, ಅದಕ್ಕೇ ಆ ಹೆಸರು. ಅದರ ಹಿಂದಿನಿಂದ ಪಾರ್ಕು ಶುರುವಾಗುತ್ತದೆ. 1870ರಲ್ಲಿ ರಿಚರ್ಡ್ ಸ್ಯಾಂಕಿ ಎಂಬ ಎಂಜಿನಿಯರ್ ರೂಪಿಸಿದ್ದು. ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಹೆಸರು ನಿಂತುಬಿಟ್ಟಿತು. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಹೆಸರಿಟ್ಟರೂ, ಆಟೊದವರಿಗೆ ಕಬ್ಬನ್ ಪಾರ್ಕ್ ಎಂದರೇ ತಿಳಿಯುವುದು.

ಪಾರ್ಕಿನ ನಡುವೆ ಕೆಂಪು ಬಣ್ಣದ ಇನ್ನೊಂದು ಚೆಲುವಾದ ಕಟ್ಟಡವಿದೆ. ಅದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮಾರಕ ಭವನ, ಈಗ ರಾಜ್ಯ ಕೇಂದ್ರ ಗ್ರಂಥಾಲಯ. ಶಿವನಸಮುದ್ರದಲ್ಲಿ ನೀರಿನಿಂದ ವಿದ್ಯುತ್ ತಯಾರಿಸಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ ಯೋಜನೆಗೆ ಮುಂದಾಳು ಇವರು. ಮುಂದೆ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ವಿದ್ಯುದ್ದೀಪ ಬಂತು. “ಹಾಗಾದರೆ ನಮ್ಮ ಮನೆ ಫ್ಯಾನಿಗೂ ಇವರೇ ಕಾರಣಾನಾ ತಾತ?” ಎಂದು ಮೊಮ್ಮಗಳು ಕೇಳಿದಳು. ಒಂದು ಲೆಕ್ಕದಲ್ಲಿ ಹೌದು ಎಂದೆ.

ಅಲ್ಲಿಂದ ಬಿದಿರ ಮೆಳೆಗಳ ನೆರಳು, ಆಮೇಲೆ ಜವಾಹರ್ ಬಾಲಭವನ. ಮಕ್ಕಳನ್ನು ಅಲ್ಲಿ ಆಡಲು ಬಿಟ್ಟು ಬೆಂಚಿನ ಮೇಲೆ ಕೂರಬಹುದು. ಮಳೆ ಬಂದರೆ ಕಸ್ತೂರಬಾ ರಸ್ತೆಯ ಕಡೆ ಸರ್ಕಾರಿ ಮ್ಯೂಸಿಯಂ, ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ ಇವೆ. ಕೊನೆಗೆ 1906ರಲ್ಲಿ ಪ್ರತಿಷ್ಠಾಪಿಸಿದ ವಿಕ್ಟೋರಿಯಾ ರಾಣಿಯ ಪ್ರತಿಮೆ ನೋಡಿ ಮೆಟ್ರೊ ಹತ್ತಿ.

ಮೂರನೇ ನಡಿಗೆ: ಸ್ಯಾಂಕಿ ಕೆರೆ

ಮಂಡಿನೋವಿನವರಿಗೆ ನನ್ನ ಮೊದಲ ಸಲಹೆ ಇದು. ಸದಾಶಿವನಗರ ಮತ್ತು ಮಲ್ಲೇಶ್ವರಗಳ ನಡುವಿನ ಈ ಕೆರೆಯನ್ನು 1882ರಲ್ಲಿ ಕಟ್ಟಿಸಿದವರೂ ಅದೇ ಸ್ಯಾಂಕಿ. ಸುಮಾರು 37 ಎಕರೆ. ಸುತ್ತಲೂ ಕಾಲುದಾರಿ ಇದೆ, ಏರು ಇಳಿತ ಕಡಿಮೆ. ಒಂದು ಸುತ್ತು ಪೂರ್ತಿ ಆಗಬೇಕೆಂದಿಲ್ಲ. ಅರ್ಧಕ್ಕೆ ಸಾಕೆನಿಸಿದರೆ ಅರ್ಧವೇ.

ಇಲ್ಲಿ ಮರಕ್ಕಿಂತ ಹಕ್ಕಿ ನೋಡುವುದೇ ಚೆಂದ. ಕಪ್ಪಗಿನ ನೀರುಕಾಗೆ ರೆಕ್ಕೆ ಬಿಚ್ಚಿಕೊಂಡು, ತಂತಿಯ ಮೇಲೆ ಒಣಹಾಕಿದ ಅಂಗಿಯಂತೆ ನಿಂತಿರುತ್ತದೆ. ಅದು ನಿಜವಾಗಿಯೂ ಒಣಗಿಸಿಕೊಳ್ಳುತ್ತಿರುತ್ತದೆ. ಬಾತುಕೋಳಿಯ ಗರಿಗೆ ನೀರು ಅಂಟುವುದಿಲ್ಲ, ನೀರುಕಾಗೆಯ ಗರಿ ಮಾತ್ರ ನೆನೆಯುತ್ತದೆ. ನೆನೆದು ಭಾರವಾದರೆ ನೀರಿನಡಿ ಮುಳುಗಿ ಮೀನು ಹಿಡಿಯಲು ಅನುಕೂಲ. ಆಮೇಲೆ ಬಿಸಿಲಿಗೆ ಹರಡಿಕೊಳ್ಳಬೇಕು. ನೀಲಿ ಮಿಂಚುಳ್ಳಿ, ಬೆಳ್ಳಕ್ಕಿ ಕಣ್ಣಿಗೆ ಬಿದ್ದರೆ ಅದು ಬೋನಸ್.

ನಾಲ್ಕನೇ ನಡಿಗೆ: ಕಹಳೆ ಬಂಡೆ

ಬಸವನಗುಡಿಯ ದೊಡ್ಡಗಣಪತಿ ಮತ್ತು ದೊಡ್ಡಬಸವಣ್ಣನ ದೇವಸ್ಥಾನಗಳ ಪಕ್ಕದಲ್ಲೇ ಕಹಳೆ ಬಂಡೆ ಉದ್ಯಾನವಿದೆ. ಹಿಂದೆ ಕಾವಲುಗಾರರು ಇಲ್ಲಿ ನಿಂತು ಕಹಳೆ ಊದುತ್ತಿದ್ದರು, ಅದರಿಂದ ಈ ಹೆಸರು ಎನ್ನುತ್ತಾರೆ. ಇದೂ ಲಾಲ್‌ಬಾಗ್ ಬಂಡೆಯ ಬಳಗವೇ. ಮರದ ಮೇಲೆ ಕಪ್ಪು ಚೀಲಗಳಂತೆ ನೇತಾಡುವವು ಬಾವಲಿಗಳು. ಹೆದರಬೇಡಿ, ಅವು ಹಣ್ಣು ತಿನ್ನುವ ಸಾಧುಗಳು. ರಾತ್ರಿ ಹಾರುತ್ತಾ ಬೀಜ ಬೀಳಿಸಿ ಹೊಸ ಗಿಡಗಳಿಗೆ ಕಾರಣವಾಗುತ್ತವೆ.

ಉದ್ಯಾನದಲ್ಲಿ ‘ಮಂಕುತಿಮ್ಮನ ಕಗ್ಗ’ ಬರೆದ ಡಿ.ವಿ.ಜಿ.ಯವರ ಪ್ರತಿಮೆ ಇದೆ. ಕಗ್ಗ ಬಾಯಿಪಾಠ ಇರುವ ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳಿಗೆ ಒಂದು ಪದ್ಯ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕದು. ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೂ ಇದೇ ಜಾಗ. ಆದರೆ ಅಂದು ನಡಿಗೆ ಆಗದು, ನೂಕಾಟವೇ. ಉಳಿದ ದಿನಗಳಲ್ಲಿ ಮೆಟ್ಟಿಲು ಕಂಡರೆ ಅವಸರ ಬೇಡ, ಕಂಬಿ ಹಿಡಿದು ಹತ್ತಿ. ನಡಿಗೆ ಮುಗಿಸಿ ಗಾಂಧಿ ಬಜಾರಿಗೆ ಇಳಿದರೆ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ದೋಸೆ. ನಮ್ಮ ಪುಟ್ಟಿ ಈ ನಡಿಗೆಗೆ ಮಾತ್ರ ಎಬ್ಬಿಸದೆ ಏಳುತ್ತಾಳೆ.

ಯಾವ ತಿಂಗಳಲ್ಲಿ ಯಾವ ಹೂವು?

ಬೆಂಗಳೂರಿನಲ್ಲಿ ವರ್ಷದ ಹೆಚ್ಚಿನ ತಿಂಗಳು ಯಾವುದಾದರೊಂದು ಮರ ಹೂ ಬಿಟ್ಟಿರುತ್ತದೆ. ಇದರ ಹಿಂದೆ ಯೋಜನೆಯಿದೆ. ಜರ್ಮನಿಯ ತೋಟಗಾರಿಕಾ ತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಒಂದು ಮರದ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ರಸ್ತೆ, ಉದ್ಯಾನಗಳಲ್ಲಿ ಮರ ಆರಿಸಿ ನೆಡುವ ಆಲೋಚನೆ ಅವರದು. 1956ರಲ್ಲಿ ತೀರಿಕೊಳ್ಳುವವರೆಗೂ ಬೆಂಗಳೂರನ್ನೇ ಊರು ಮಾಡಿಕೊಂಡರು. ಲಾಲ್‌ಬಾಗಿನ ಪಕ್ಕದ ರಸ್ತೆಗೆ ಅವರದೇ ಹೆಸರು.

ಫೆಬ್ರವರಿ, ಮಾರ್ಚ್‌ನಲ್ಲಿ ಹಳದಿ ಟಬೂಬಿಯಾ, ನೇರಳೆ ಬಣ್ಣದ ಜಕರಂಡ. ಏಪ್ರಿಲ್‌ನಲ್ಲಿ ನೆಲದ ಮೇಲೆ ಪುರಿ ಚೆಲ್ಲಿದಂತೆ ಹೊಂಗೆಯ ಹೂವು. ಏಪ್ರಿಲ್, ಮೇನಲ್ಲಿ ಗುಲ್‌ಮೊಹರ್, ನಮ್ಮ ಕಡೆ ಕತ್ತಿಕಾಯಿ ಮರ. ಅದರ ಮೊಗ್ಗು ಬಿಡಿಸಿ ಕೇಸರಗಳನ್ನು ಕೊಕ್ಕೆ ಹಾಕಿ ಎಳೆಯುವ ಕೋಳಿ ಜಗಳ ಅಜ್ಜ-ಅಜ್ಜಿಯರಿಗೆಲ್ಲ ಗೊತ್ತು. ಕೇಳಿ ಕಲಿಯಿರಿ. ಮಳೆಗಾಲ ಮುಗಿದ ಮೇಲೆ ಉದ್ದ ತೊಟ್ಟಿನ ಬಿಳಿ ಆಕಾಶಮಲ್ಲಿಗೆ. ಸೂಜಿ ದಾರವಿಲ್ಲದೆ, ತೊಟ್ಟಿಗೆ ತೊಟ್ಟು ಹೆಣೆದು ಮಾಲೆ ಮಾಡಬಹುದು. ಆದರೆ ಬಿದ್ದ ಹೂವನ್ನೇ ಆಯ್ದುಕೊಳ್ಳಿ, ಕೊಂಬೆ ಎಳೆಯಬೇಡಿ.

ಹೊರಡುವ ಮುನ್ನ

ಹಿರಿಯರಿಗೆ ವಾರಕ್ಕೆ 150 ನಿಮಿಷ, ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿರಿಯರು ಅದನ್ನು ಒಂದೇ ದಿನ ಮುಗಿಸಬೇಕಿಲ್ಲ. ಮೊದಲ ವಾರ ಹದಿನೈದು ನಿಮಿಷದಿಂದ ಶುರು ಮಾಡಿ. ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ ಸಾಕು. ಏದುಸಿರು ಬಂದರೆ ಕೂರಿ, ಎದೆನೋವು, ತಲೆಸುತ್ತು ಬಂದರೆ ನಡಿಗೆ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಿ. ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ, ಜೇಬಿನಲ್ಲಿ ಬೆಲ್ಲದ ಚೂರೋ ಚಾಕಲೇಟೋ ಇರಲಿ. ನೀರಿನ ಬಾಟಲಿ, ಟೋಪಿ, ಹಿಂಬದಿ ಪಟ್ಟಿಯಿರುವ ಚಪ್ಪಲಿ ಇದ್ದರೆ ಸಾಕು. ಪಾರ್ಕಿನೊಳಗೆ ಹೋದಕೂಡಲೇ ಶೌಚಾಲಯ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ವಯಸ್ಸಾದವರಿಗೂ ಪುಟ್ಟ ಮಕ್ಕಳಿಗೂ ಇದು ದೊಡ್ಡ ನೆಮ್ಮದಿ.

ಮಕ್ಕಳೇ, ನಿಮ್ಮ ಪಾಲಿಗೆ ಒಂದು ಪುಸ್ತಕ, ಒಂದು ಪೆನ್ಸಿಲ್. ಪ್ರತಿ ನಡಿಗೆಯಲ್ಲಿ ಒಂದೇ ಒಂದು ಮರ ಆರಿಸಿ, ಎಲೆಯ ಚಿತ್ರ ಬರೆದು, ಕೆಳಗೆ ಅಜ್ಜ-ಅಜ್ಜಿ ಹೇಳಿದ ಹೆಸರು ಬರೆಯಿರಿ. ಊರಿಂದ ಊರಿಗೆ ಹೆಸರು ಬೇರೆಯಿರುತ್ತದೆ, ಪುಸ್ತಕಗಳಲ್ಲಿ ಅವೆಲ್ಲ ಸಿಗುವುದಿಲ್ಲ. ಹೇಳುವವರು ಜೊತೆಗಿರುವಾಗಲೇ ಬರೆದುಕೊಳ್ಳಬೇಕು. ನಮ್ಮ ಪುಟ್ಟಿಯ ಪುಸ್ತಕದಲ್ಲಿ ಈಗ 43 ಮರಗಳಾಗಿವೆ. ನನ್ನ ಕೈಯಲ್ಲಿ ಮೆಟ್ರೊ ಕಾರ್ಡು ಬಂದಿದೆ. ಮೊನ್ನೆ ಬುಧವಾರ ಅವಳು ಶಾಲೆಯಲ್ಲಿದ್ದಾಗ ಒಬ್ಬನೇ ಲಾಲ್‌ಬಾಗಿಗೆ ಹೋಗಿ ಬಂದೆ. ಸಂಜೆ ವಿಷಯ ತಿಳಿದು ಅವಳು ಮುನಿಸಿಕೊಂಡಳು. ಬರುವ ಭಾನುವಾರ ಎರಡು ದೋಸೆಗೆ ರಾಜಿಯಾಗಿದೆ.