ತೊಟ್ಟಿ ಮಗುಚಿದ ದಂಡಿನ ಡಾಕ್ಟರು

ಕುಪ್ಪಳ್ಳಿಯ ಕವಿಮನೆಗೆ ಈಗ ಹೋದವರಿಗೆ ಕಾಣುವುದು ತೊಟ್ಟಿಯ ಅಂಗಳ, ಮರದ ಕಂಬಗಳು, ಗುಡ್ಡದ ಮೇಲಿನ ಕವಿಶೈಲ. ಕುವೆಂಪು ಅಲ್ಲಿ ಬೆಳೆಯುತ್ತಿದ್ದ ಕಾಲಕ್ಕೆ ಇದೇ ಹಸಿರಿನೊಳಗೆ ಚಳಿಜ್ವರವೂ ಮನೆಮಾಡಿಕೊಂಡಿತ್ತು. ಹೊತ್ತಿಗೆ ಸರಿಯಾಗಿ ನಡುಕ ಹತ್ತುವುದು, ಇದ್ದಬದ್ದ ಕಂಬಳಿಯನ್ನೆಲ್ಲ ಹೇರಿದರೂ ಹಲ್ಲು ಕಟಕಟ ಎನ್ನುವುದು, ಆಮೇಲೆ ಮೈ ಕಾದ ಹೆಂಚಾಗಿ ಕೊನೆಗೆ ಬೆವರಿ ಇಳಿಯುವುದು. ಒಂದು ದಿನ ಬಿಟ್ಟು ಮತ್ತೆ ಅದೇ ಪಾಡು. ವರ್ಷಗಟ್ಟಲೆ ನರಳಿದವರ ಹೊಟ್ಟೆಯ ಎಡಮಗ್ಗುಲಲ್ಲಿ ಗುಲ್ಮ ಊದಿ ಕೈಗೆ ಸಿಗುವಷ್ಟು ಗಟ್ಟಿಯಾಗುತ್ತಿತ್ತು. ಮಲೆನಾಡಿನವರು ಅದನ್ನು ಜ್ವರಗಡ್ಡೆ ಎಂದರು. ಬಯಲುಸೀಮೆಯಿಂದ ಗದ್ದೆ ಕೆಲಸಕ್ಕೆ, ತೋಟದ ಕೆಲಸಕ್ಕೆ ಬಂದವರು 'ಇಲ್ಲಿಯ ನೀರು ಆಗಿಬರುವುದಿಲ್ಲ' ಎಂದು ಹೆದರುತ್ತಿದ್ದರು.

ಅವರ ಮಾತು ಅರ್ಧ ನಿಜ. ಕೇಡು ಇದ್ದುದು ಕುಡಿಯುವ ನೀರಿನಲ್ಲಲ್ಲ, ನಿಂತ ನೀರಿನಲ್ಲಿ, ಮೆಲ್ಲಗೆ ಹರಿಯುವ ಹಳ್ಳದ ಅಂಚಿನಲ್ಲಿ. ಚಳಿಜ್ವರ ಎಂದರೆ ಮಲೇರಿಯಾ. ಅದು ಇಂಥ ನೀರಿನಲ್ಲಿ ಹುಟ್ಟುವ ಸೊಳ್ಳೆಯಿಂದ ಹರಡುತ್ತದೆಂದು ಜಗತ್ತಿಗೆ ತಿಳಿಸಿಕೊಟ್ಟ ವೈದ್ಯ ಸರ್ ರೊನಾಲ್ಡ್ ರಾಸ್. ಅವರನ್ನು ನಾವು ಸಿಕಂದರಾಬಾದಿನ ಹೆಸರಿನೊಂದಿಗೆ ನೆನೆಯುತ್ತೇವೆ. ಆದರೆ ಸೊಳ್ಳೆ ಮತ್ತು ನೀರಿನ ನಂಟು ಅವರ ಕಣ್ಣಿಗೆ ಮೊದಲು ಬಿದ್ದದ್ದು ನಮ್ಮ ಬೆಂಗಳೂರು ದಂಡಿನಲ್ಲಿ.

ರಾಸ್ ಹುಟ್ಟಿದ್ದು ಅಲ್ಮೋರಾದಲ್ಲಿ, 1857ರ ಮೇ 13ರಂದು, ಸಿಪಾಯಿ ದಂಗೆ ಎದ್ದ ವಾರದಲ್ಲೇ. ಅಪ್ಪ ಸೇನಾಧಿಕಾರಿ. ಹುಡುಗನಿಗೆ ಕವಿತೆ, ಸಂಗೀತ, ಗಣಿತದ ಹುಚ್ಚು. ಅಪ್ಪನ ಹಟಕ್ಕೆ ಮಣಿದು ಲಂಡನ್ನಿನಲ್ಲಿ ವೈದ್ಯಕೀಯ ಓದಿ 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು. 1883ರಲ್ಲಿ ಬೆಂಗಳೂರಿಗೆ ಹಂಗಾಮಿ ಗ್ಯಾರಿಸನ್ ಸರ್ಜನ್ ಆಗಿ ಬಂದರು.

ಸಿಕ್ಕ ಬಂಗಲೆ ಚೆನ್ನಾಗಿತ್ತು, ಸೊಳ್ಳೆ ಕಾಟ ಮಾತ್ರ ಅಕ್ಕಪಕ್ಕದ ಮನೆಗಳಿಗಿಂತ ವಿಪರೀತ. ಹುಡುಕಿದಾಗ ಕಿಟಕಿಯ ಹೊರಗೇ ಒಂದು ನೀರಿನ ತೊಟ್ಟಿ, ಅದರ ತುಂಬ ಬಳುಕಾಡುವ ಮರಿಹುಳುಗಳು. ತೊಟ್ಟಿ ಮಗುಚಿದರು, ಸೊಳ್ಳೆ ಹೆಚ್ಚುಕಡಿಮೆ ಮಾಯವಾಯಿತು. ಖುಷಿಯಿಂದ ಹೋಗಿ ದಳದ ಆಡಳಿತ ನೋಡುವ ಅಡ್ಜುಟಂಟರಿಗೆ ಹೇಳಿದರು: ಮೆಸ್ಸಿನ ತೋಟದ ತೊಟ್ಟಿಗಳನ್ನೂ, ಹೂದಾನಿಗಳ ನೀರನ್ನೂ ಚೆಲ್ಲಿಸೋಣ. ಅವರು ಒಪ್ಪಲಿಲ್ಲ. ಅದು ಸೃಷ್ಟಿಯ ನಿಯಮ ಕೆಡಿಸಿದಂತೆ, ಸೊಳ್ಳೆಯನ್ನು ಯಾವುದೋ ಉದ್ದೇಶಕ್ಕೇ ಸೃಷ್ಟಿಸಿರುವಾಗ ಸಹಿಸಿಕೊಳ್ಳುವುದೇ ನಮ್ಮ ಪಾಲು ಎಂಬುದು ಅವರ ವಾದ. ಈ ಪ್ರಸಂಗವನ್ನು ರಾಸ್ ತಮ್ಮ ಆತ್ಮಕಥೆಯಲ್ಲಿ ಮರೆಯದೆ ದಾಖಲಿಸಿದ್ದಾರೆ. ಆಗ ಅವರಿಗೆ ಇಪ್ಪತ್ತಾರು ವರ್ಷ. ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧವಿದೆ ಎಂಬ ಯೋಚನೆ ಅವರಿಗಿನ್ನೂ ಬಂದಿರಲಿಲ್ಲ.

1885ರಲ್ಲಿ ಮೂರನೆಯ ಬರ್ಮಾ ಯುದ್ಧ ಶುರುವಾಯಿತು. ರಾಸ್ ಅಲ್ಲಿಯೂ ಸೇವೆ ಸಲ್ಲಿಸಿದರು. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯರು ರೋಗಿಯ ರಕ್ತದಲ್ಲಿದ್ದ ಮಲೇರಿಯಾ ಜೀವಿಯನ್ನು ಸೂಕ್ಷ್ಮದರ್ಶಕದಡಿ ತೋರಿಸಿ, ಇದನ್ನು ಸೊಳ್ಳೆ ಹೊತ್ತೊಯ್ಯುತ್ತಿರಬಹುದು ಎಂದರು. ಅಲ್ಲಿಂದ ರಾಸ್ ಅವರಿಗೆ ಬೇರೆ ಧ್ಯಾನವೇ ಇಲ್ಲವಾಯಿತು.

1895ರ ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ಕಾಲರಾ ಬಡಿದಾಗ ಅವರನ್ನು ಮತ್ತೆ ಇಲ್ಲಿಗೇ ಕಳಿಸಿದರು. ಹಗಲೆಲ್ಲ ಬಾವಿ, ಚರಂಡಿ, ಕೇರಿಗಳ ತಪಾಸಣೆ. ಉಳಿದ ಹೊತ್ತಿನಲ್ಲಿ ಸೊಳ್ಳೆ. ನನ್ನನ್ನು ಬಹಳ ಹಿಡಿದಿಟ್ಟ ಸಂಗತಿ ನಡೆದದ್ದು ಈ ಅವಧಿಯಲ್ಲಿ. ಬೌರಿಂಗ್ ಆಸ್ಪತ್ರೆಯ ಅಸಿಸ್ಟೆಂಟ್ ಸರ್ಜನ್ ಅಪ್ಪಯ್ಯ ಎಂಬವರು, ಮಲೇರಿಯಾ ರೋಗಿಗಳ ರಕ್ತ ಹೀರಿದ ಸೊಳ್ಳೆಗಳಿಗೆ ತಾವಾಗಿಯೇ ಮೈಯೊಡ್ಡಿದರು. ಈ ಜ್ವರ ಏನು ಮಾಡುತ್ತದೆಂದು ದಿನವೂ ವಾರ್ಡಿನಲ್ಲಿ ಕಂಡ ವೈದ್ಯ ಅವರು. ಗೊತ್ತಿದ್ದೂ ತೋಳು ಚಾಚಿದರು. ಜ್ವರ ಬರಲಿಲ್ಲ. ಏಕೆಂದರೆ ಆ ಸೊಳ್ಳೆಗಳು ಮಲೇರಿಯಾ ಹರಡುವ ಜಾತಿಯವೇ ಆಗಿರಲಿಲ್ಲ. ಅಪ್ಪಯ್ಯನವರ ಹೆಸರನ್ನು ರಾಸ್ ಬರೆದಿಟ್ಟಿದ್ದಾರೆ. ನಾವೂ ನೆನಪಿಟ್ಟುಕೊಳ್ಳಬೇಕಾದ ಹೆಸರು ಅದು.

ಸರಿಯಾದ ಜಾತಿ ಕಣ್ಣಿಗೆ ಬಿದ್ದದ್ದು 1897ರಲ್ಲಿ, ನೀಲಗಿರಿಯಿಂದ ಮೈಸೂರು ಸೀಮೆಯ ಕಡೆಗೆ ಇಳಿಯುವ ಸಿಗೂರು ಘಾಟಿಯಲ್ಲಿ. ರೆಕ್ಕೆಯಲ್ಲಿ ಚುಕ್ಕೆಗಳಿದ್ದ ಆ ಸೊಳ್ಳೆ ಗೋಡೆಯ ಮೇಲೆ ಬಾಲವೆತ್ತಿ, ತಲೆ ತಗ್ಗಿಸಿ ಕೂತಿತ್ತು. ನಾವು ಅನಾಫಿಲಿಸ್ ಎನ್ನುವ ಜಾತಿ ಅದು. ಆ ಘಾಟಿಯಲ್ಲಿ ರಾಸ್ ಅವರಿಗೂ ಮಲೇರಿಯಾ ತಗಲಿತು. ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಹುಸೇನ್ ಖಾನ್ ಎಂಬ ರೋಗಿಯ ರಕ್ತ ಕುಡಿದಿದ್ದ ಇಂಥದೊಂದು ಸೊಳ್ಳೆಯನ್ನು ಸೀಳಿದಾಗ ಅದರ ಜಠರದ ಗೋಡೆಯಲ್ಲಿ ಮಲೇರಿಯಾ ಜೀವಿಯ ಕಪ್ಪು ಕಣಗಳು ಕಂಡವು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಹಿಂಬಾಲಿಸಿ, ರೋಗ ಸೊಳ್ಳೆಯ ಜೊಲ್ಲಿನಿಂದಲೇ ದಾಟುತ್ತದೆಂದು ತೋರಿಸಿದರು. 1902ರಲ್ಲಿ ನೊಬೆಲ್ ಬಂತು.

ಯುದ್ಧ ಅವರನ್ನು ಮತ್ತೂ ಹುಡುಕಿಕೊಂಡು ಬಂತು. 1914ರ ಆಗಸ್ಟಿನಲ್ಲಿ ಫ್ರಾನ್ಸಿನ ಲೆ ಕಾಟೊ ಕದನದಲ್ಲಿ ಮಗ ಸತ್ತ. ಮರುವರ್ಷ ಅಪ್ಪ, ಅರವತ್ತರ ಹತ್ತಿರದಲ್ಲಿ, ಸೈನಿಕರ ರಕ್ತಭೇದಿಯ ಕಾರಣ ಹುಡುಕಲು ಅಲೆಕ್ಸಾಂಡ್ರಿಯಕ್ಕೆ ಹಡಗು ಹತ್ತಿದರು. 1917ರಲ್ಲಿ ಮಲೇರಿಯಾ ಸಲಹೆಗಾರರಾಗಿ ಸಲೋನಿಕಾಕ್ಕೆ ಹೊರಟಾಗ ಟಾರ್ಪೆಡೊ ದಾಳಿಯಿಂದ ಪಾರಾದರು. ತೀರಿಕೊಂಡದ್ದು 1932ರಲ್ಲಿ.

ಅವರು ಬದುಕಿದ್ದಾಗಲೇ, 1920ರ ದಶಕದ ಕೊನೆಗೆ, ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ನಾಗೇನಹಳ್ಳಿ, ಮೂಡಿಗೆರೆಗಳಲ್ಲಿ ಮಲೇರಿಯಾ ಕೇಂದ್ರಗಳನ್ನು ತೆರೆಯಿತು. ಮಲೆನಾಡಿನಲ್ಲಿ ರೋಗ ಹರಡುತ್ತಿದ್ದ, ಅನಾಫಿಲಿಸ್ ಕುಲದ್ದೇ ಆದ ಫ್ಲುವಿಯಾಟಿಲಿಸ್ ಸೊಳ್ಳೆಗೆ ಕೊಳೆನೀರು ಬೇಡ. ಹುಲ್ಲಂಚಿನ ಹಳ್ಳ, ಗದ್ದೆಯ ಕಾಲುವೆಯ ತಿಳಿನೀರೇ ಅದಕ್ಕೆ ತೊಟ್ಟಿಲು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಪಂಪು ಹೊತ್ತವರು ಹಳ್ಳಿ ಹಳ್ಳಿಗೆ ಬಂದು, ಸೊಳ್ಳೆ ರಕ್ತ ಕುಡಿದು ಸುಧಾರಿಸಿಕೊಳ್ಳುವ ಗೋಡೆಗಳಿಗೇ ಡಿಡಿಟಿ ಹೊಡೆದರು. ಜಗಲಿಯಿಂದ ಹಿಡಿದು ಕತ್ತಲೆ ಕೋಣೆಯವರೆಗೆ, ಕೊನೆಗೆ ದನದ ಕೊಟ್ಟಿಗೆಗೂ.